ಅಂಗಡಿ ನಿಮ್ಮದು, ಓಣಿ ಎಲ್ಲರದು!

ಮಕ್ಕಳು ಶಾಲೆಗೆ ಹೋದರು, ಯಜಮಾನರು ಡ್ಯೂಟಿಗೆ ಹೋದರು. ಮನೆಯ ಮುಂದಿನ ಕೋಣೆ ಸುಮ್ಮನೆ ಖಾಲಿ ಬಿದ್ದಿದೆ. ಅಲ್ಲೊಂದು ಪುಟ್ಟ ಅಂಗಡಿ ಇಟ್ಟರೆ ಹೇಗೆ? ಈ ಯೋಚನೆ ಬಾರದ ಗೃಹಿಣಿ ಯಾರಿದ್ದಾರೆ ಹೇಳಿ! ಹಾಲು, ಬ್ರೆಡ್ಡು, ಸಕ್ಕರೆ, ಚಹಾಪುಡಿ, ಮಕ್ಕಳ ನೋಟ್‌ಬುಕ್ಕು, ಶಾಂಪೂ ಸ್ಯಾಶೆ... ಓಣಿಯವರಿಗೂ ಅನುಕೂಲ, ನಮ್ಮ ಕೈಯಲ್ಲೂ ನಾಲ್ಕು ಕಾಸು. ಕಪಾಟು ಎಲ್ಲಿಡಬೇಕು, ಬೋರ್ಡಿಗೆ ಯಾವ ಬಣ್ಣ, ಉದ್ಘಾಟನೆಗೆ ಯಾರನ್ನು ಕರೆಯಬೇಕು ಎಂದೆಲ್ಲ ತಿಂಗಳುಗಟ್ಟಲೆ ಚರ್ಚೆ ಮಾಡುತ್ತೇವೆ. ಆದರೆ ಅಂಗಡಿಗೆ ಬರುವ ಮಾಲು ಯಾವ ಗಾಡಿಯಲ್ಲಿ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಆ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಎಷ್ಟು ಜನ ವಿಚಾರ ಮಾಡುತ್ತೇವೆ?

ನನ್ನ ನಾದಿನಿಯೂ ಮಾಡಿರಲಿಲ್ಲ. ಅವಳ ಮನೆ ಬಸವಕಲ್ಯಾಣದ ಹಳೇ ಊರಿನಲ್ಲಿ. ಎರಡು ಎಮ್ಮೆ ಎದುರುಬದುರಾಗಿ ಬಂದರೆ ಒಂದು ಹಿಂದಕ್ಕೆ ಸರಿಯಬೇಕು, ಅಂಥ ಓಣಿ. ಸಂಘದಲ್ಲಿ ಸಾಲ ತೆಗೆದು, ಬಳೆ ಅಡವಿಟ್ಟು, ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟು ಮನೆ ಮುಂದೆ 'ಮಿನಿ ಮಾರ್ಟ್' ಮಾಡಿದಳು. ಮೊದಲ ಹದಿನೈದು ದಿನ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಹೋಲ್‌ಸೇಲ್ ಮಾಲು ತುಂಬಿದ ಲಾರಿ ಓಣಿಯೊಳಗೆ ನುಗ್ಗಿ, ಅವಳ ಬಾಗಿಲಿಗೆ ನಿಂತಿತು. ಡ್ರೈವರ್ ಕೀಲಿ ಕಿಸೆಯಲ್ಲಿಟ್ಟುಕೊಂಡು ಚಹಾ ಕುಡಿಯಲು ಹೋದ. ಹಮಾಲರು ನಿಧಾನಕ್ಕೆ ಎಣ್ಣೆ ಟಿನ್ನು ಇಳಿಸುತ್ತಿದ್ದರು.

ಅದೇ ಹೊತ್ತಿಗೆ ಮೂರು ಮನೆ ಆಚೆಯ ಅಜ್ಜಾರಿಗೆ ಎದೆನೋವು ಬಂತು. ಕರೆಸಿದ ಆಟೋ ಓಣಿಯ ಬಾಯಲ್ಲೇ ನಿಂತಿದೆ, ಒಳಗೆ ಬರಲು ಜಾಗವಿಲ್ಲ! ಕೊನೆಗೆ ನಾಲ್ಕು ಹುಡುಗರು ಅಜ್ಜಾರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು, ಲಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನಡೆದು ಆಟೋ ತನಕ ಹೊತ್ತೊಯ್ದರು. ದೇವರು ದೊಡ್ಡವನು, ಅಜ್ಜಾರು ಉಳಿದರು. ನಾಲ್ಕನೇ ದಿನ ಮನೆಗೂ ಬಂದರು. ಆದರೆ ನನ್ನ ನಾದಿನಿಯ ಅಂಗಡಿಗೆ ಮಾತ್ರ ಓಣಿಯವರು ಬರುವುದು ನಿಂತಿತು.

'ವೈನಿ, ಓಣ್ಯಾಗ ಯಾರೂ ನನ್ನ ಜೋಡಿ ಮಾತಾಡಲ್ಲಾಗ್ಯಾರ. ನೀರಿಗಿ ಹೋದ್ರ ಮಾರಿ ತಿರುಗಸ್ತಾರ' ಎಂದು ಫೋನಿನಲ್ಲಿ ಅತ್ತಳು. ಇನ್ನೊಂದು ಪೆಟ್ಟು ಬೇರೆ. ಆ ಗಡಿಬಿಡಿಯಲ್ಲಿ ಹಮಾಲ ಚೀಟಿ ಮುಂದೆ ಹಿಡಿದಾಗ ನೋಡದೇ ಸಹಿ ಹಾಕಿದ್ದಾಳೆ. ಸಂಜೆ ಎಣಿಸಿದರೆ ಮೂರು ಟಿನ್ ಎಣ್ಣೆ ಕಡಿಮೆ! ಫೋನ್ ಮಾಡಿದರೆ, 'ಸಹಿ ಮಾಡೀರಲ್ರೀ ಅಕ್ಕಾರ' ಎಂದು ಇಟ್ಟುಬಿಟ್ಟರು. ಒಂದೇ ದಿನ ಮಾನವೂ ಹೋಯಿತು, ರೊಕ್ಕವೂ ಹೋಯಿತು.

ನಾನು ಹುಮನಾಬಾದಿನಿಂದ ಬಸ್ಸು ಹತ್ತಿ ಹೋದೆ. ಇಬ್ಬರೂ ಕೂತು ಒಂದೊಂದನ್ನೇ ಸರಿ ಮಾಡಿದ್ದನ್ನು, ಅಂಗಡಿ ಇಡುವ ಆಸೆಯಿರುವ ನಿಮಗೂ ಹೇಳೋಣವೆಂದು ಬರೆಯುತ್ತಿದ್ದೇನೆ.

ಮೊದಲು ಓಣಿ ಅಳೆಯಿರಿ

ತಮಾಷೆಯಲ್ಲ, ಟೇಪು ಹಿಡಿದೇ ಅಳೆಯಿರಿ. ಬಾಗಿಲ ಮುಂದೆ ಎಷ್ಟು ಜಾಗ, ಓಣಿಯ ಬಾಯಿ ಎಷ್ಟು ಅಗಲ, ಚರಂಡಿಯ ಕಲ್ಲು ಲಾರಿ ಭಾರ ತಡೆಯುತ್ತದೋ ಇಲ್ಲವೋ, ಕರೆಂಟಿನ ವೈರು ಎಷ್ಟು ಕೆಳಗಿದೆ, ಎಲ್ಲವನ್ನೂ ನೋಡಿಕೊಳ್ಳಿ. ನಮ್ಮ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಹಳೇ ಭಾಗದ ಓಣಿಗಳು ಜನ ಮತ್ತು ಎತ್ತಿನ ಬಂಡಿಗಾಗಿ ಆದಂಥವು, ಆರು ಗಾಲಿಯ ಲಾರಿಗಾಗಿ ಅಲ್ಲ. ಆಟೋನಗರದಲ್ಲಿ ಲಾರಿಗಳು ಸಾಲುಸಾಲಾಗಿ ನಿಲ್ಲುವ ಊರಿನಲ್ಲೇ ನಮ್ಮ ಓಣಿಗೆ ಒಂದು ಲಾರಿ ಬಂದರೆ ಉಸಿರು ಕಟ್ಟುತ್ತದೆ ನೋಡಿ!

ದೊಡ್ಡ ಗಾಡಿ ಓಣಿಗೆ ಬರಲೇಬಾರದು ಎಂದು ನಾವು ಮೊದಲೇ ನಿಶ್ಚಯ ಮಾಡಿದೆವು. ಲಾರಿ ದೊಡ್ಡ ರಸ್ತೆಯಲ್ಲಿ, ಯಾರ ಬಾಗಿಲಿಗೂ ಅಡ್ಡ ಬಾರದ ಕಡೆ ನಿಲ್ಲಬೇಕು. ಅಲ್ಲಿಂದ ಕೈಗಾಡಿಯಲ್ಲಿ ಮಾಲು ಒಳಗೆ ಬರಬೇಕು. ಮಾಲು ಕಡಿಮೆಯಿದ್ದರೆ ಟಂಟಂ ಅಥವಾ ಛೋಟಾ ಹಾಥಿ ಸಾಕು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಊರಿನ ಅಂಗಡಿಕಾರರಿಗೆ ಎಷ್ಟು ಅನುಕೂಲವಾಯಿತೋ ನಮ್ಮ ಗಂಡಸರನ್ನು ಕೇಳಿ, ಅರ್ಧ ಗಂಟೆ ಹೇಳುತ್ತಾರೆ. ಬಾಡಿಗೆ ಸ್ವಲ್ಪ ಹೆಚ್ಚಾಗುತ್ತದೆ, ನಿಜ. 'ಇದು ಲುಕ್ಸಾನು' ಎಂದು ನಾದಿನಿಯ ಅತ್ತೆ ಗೊಣಗಿದರು. ಓಣಿಯ ಗಿರಾಕಿಗಳೇ ಹೋದರೆ ಅದಕ್ಕಿಂತ ದೊಡ್ಡ ಲುಕ್ಸಾನು ಯಾವುದು?

ಇನ್ನೊಂದು ಚಿಕ್ಕ ಉಪಾಯ ನಮಗೆ ಬಹಳ ಉಪಯೋಗವಾಯಿತು. ಸೋಲಾಪುರ ಕಡೆಯಿಂದ ಬರಲಿ, ಹೈದರಾಬಾದ್ ಕಡೆಯಿಂದ ಬರಲಿ, ಹೆದ್ದಾರಿ ಬಿಟ್ಟು ಬಸವಕಲ್ಯಾಣಕ್ಕೆ ತಿರುಗುವುದು ಸಸ್ತಾಪುರ ಬಂಗ್ಲಾದಲ್ಲಿ. 'ಭಾಯಿ, ಬಂಗ್ಲಾಕ್ಕ ಬಂದಾಗ ಒಂದ್ ಫೋನ್ ಹಚ್ಚರಿ' ಎಂದು ಡ್ರೈವರ್‌ಗೆ ಹೇಳಿಟ್ಟೆವು. ಗಾಡಿ ಊರೊಳಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಇಳಿಸಬಹುದು, ಬಾಗಿಲ ಮುಂದಿನ ಸ್ಕೂಟಿ ಸರಿಸಬಹುದು, ಹಮಾಲರಿಗೆ ಹೇಳಿ ಕಳಿಸಬಹುದು. ಗಾಡಿ ಬಂದ ಮೇಲೆ ಗಡಬಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಎಲ್ಲಕ್ಕೂ ಒಂದು ಹೊತ್ತು

ಬೆಳಗಿನ ಜಾವ ಹಾಲಿನ ಕ್ರೇಟು ಬರುತ್ತದೆ. ಅದನ್ನು ನಾವು ಬದಲಿಸಲಾಗದು, ಬದಲಿಸಲೂಬಾರದು. ಆದರೆ ಕ್ರೇಟುಗಳನ್ನು ದಡಬಡ ಎಸೆದು ಓಣಿಯನ್ನೆಲ್ಲ ಎಬ್ಬಿಸುವ ಅಗತ್ಯವಿದೆಯೇ? ಬಾಗಿಲ ಪಕ್ಕದಲ್ಲಿ ಒಂದು ಹಳೇ ಗೋಣಿಚೀಲ ಹಾಸಿಡಿ, ಸಪ್ಪಳ ಅರ್ಧ ಕಡಿಮೆಯಾಗುತ್ತದೆ. ಖಾಲಿ ಕ್ರೇಟು ರಾತ್ರಿಯೇ ಒಂದರ ಮೇಲೊಂದು ಇಟ್ಟಿರಲಿ. ಬೇಸಿಗೆಯಲ್ಲಿ ಹಾಲು ಹೊರಗೆ ಹತ್ತು ನಿಮಿಷ ನಿಂತರೂ ಗ್ಯಾರಂಟಿಯಿಲ್ಲ. ಆದ್ದರಿಂದ ಆ ಹೊತ್ತಿಗೆ ಮನೆಯಲ್ಲಿ ಒಬ್ಬರು ಎದ್ದಿರಲೇಬೇಕು. 'ನಮ್ಮವರು ಏಳೋದಿಲ್ಲ' ಎನ್ನಬೇಡಿ. ಸೋಮವಾರ ನೀವು, ಮಂಗಳವಾರ ಅವರು!

ಉಳಿದ ಮಾಲಿಗೆ ಬೆಳಿಗ್ಗೆ ಎಂಟರಿಂದ ಹತ್ತೂವರೆ ಬೇಡವೇ ಬೇಡ. ಶಾಲೆಯ ಮಕ್ಕಳು, ಆಫೀಸಿನವರು, ಆಟೋಗಳು ಓಡಾಡುವ ಹೊತ್ತು ಅದು. ಸಂಜೆ ನಾಲ್ಕರ ಮೇಲೂ ಅಷ್ಟೇ. ಹನ್ನೊಂದೂವರೆಯಿಂದ ಒಂದರವರೆಗೆ ಓಣಿ ತಣ್ಣಗಿರುತ್ತದೆ. ಶುಕ್ರವಾರ ಮಸೀದಿಯ ಹತ್ತಿರದ ಓಣಿಯಾದರೆ ಮಧ್ಯಾಹ್ನ ಬಿಡಿ. ನಿಮ್ಮ ಭಾಗದ ಸಂತೆಯ ದಿನವನ್ನೂ ಬಿಡಿ. ಬಿಸ್ಕತ್ತಿನವನು, ಸೋಪಿನವನು, ಬೇಳೆಕಾಳಿನವನು ಒಂದೇ ದಿನ ಬಂದರೆ ಅಂಗಡಿಯೂ ಜಾಮ್, ರಸ್ತೆಯೂ ಜಾಮ್, ಗಲ್ಲಾಪೆಟ್ಟಿಗೆಯೂ ಖಾಲಿ. ಒಬ್ಬೊಬ್ಬರಿಗೆ ಒಂದೊಂದು ದಿನ ಕೊಟ್ಟು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ. ಅವರು ಒಪ್ಪುತ್ತಾರೆಯೇ? ಮೊದಮೊದಲು ಒಪ್ಪುವುದಿಲ್ಲ. 'ನಮ್ ಲೈನು ಹಂಗೇ ಅದರಿ' ಎನ್ನುತ್ತಾರೆ. ಎರಡು ಸಲ 'ಇಂಥ ಹೊತ್ತಿಗೆ ತಂದರೆ ಇಳಿಸಿಕೊಳ್ಳುವುದಿಲ್ಲ' ಎಂದು ಗಟ್ಟಿಯಾಗಿ ಹೇಳಿ ನೋಡಿ. ಗಟ್ಟಿಯಾಗಿ ಹೇಳುವುದೇ ನಮಗೆ ಕಷ್ಟ, ಗೊತ್ತು.

ನಮ್ಮ ಹುಮನಾಬಾದಿನ ಕಥೆ ಬೇರೆ. ಇಲ್ಲಿ ಓಣಿಗಿಂತ ರಸ್ತೆಯದೇ ಭಯ. ಪುಣೆ–ಹೈದರಾಬಾದ್ ಕಡೆಯ ಹೆದ್ದಾರಿ 65, ಬೀದರ್–ಕಲಬುರಗಿ ಕಡೆಯ ಹೆದ್ದಾರಿ 50, ಎರಡೂ ಕೂಡುವ ಊರು ಇದು. ದೊಡ್ಡ ರಸ್ತೆಯ ಮೇಲೆ ಅಂಗಡಿಯಿದ್ದರೆ ಮಾಲು ಬೇಗ ಸಿಗುತ್ತದೆ, ಆದರೆ ಗಾಡಿಯ ರಸ್ತೆ ಕಡೆಯ ಬಾಗಿಲು ತೆಗೆದು ಇಳಿಸಿದರೆ ಹಮಾಲನ ಬೆನ್ನ ಹಿಂದೆಯೇ ಟ್ರಕ್ಕು ಹಾಯುತ್ತದೆ. ಯಾವಾಗಲೂ ಅಂಗಡಿ ಕಡೆಯಿಂದ ಅಥವಾ ಹಿಂಬದಿಯಿಂದಲೇ ಇಳಿಸಲು ಹೇಳಿ. ಗಾಡಿ ನಿಂತಿದ್ದಾಗ ನಿಮ್ಮ ಸಣ್ಣ ಮಕ್ಕಳನ್ನು ಒಳಗೆ ಕೂರಿಸಿ. ಡ್ರೈವರ್ ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬರು ದೊಡ್ಡವರು ನಿಂತಿರಲಿ. ಮಕ್ಕಳನ್ನು 'ಹೋಗೋ, ಗಾಡಿ ಹಿಂದ ಬರ್ಲಿಕ್ಕತ್ತದ ನೋಡು' ಎಂದು ಕಳಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎದೆ ಝಲ್ಲೆನ್ನುತ್ತದೆ.

ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ. ಊರ ತುಂಬ ಜನ, ಮನೆ ತುಂಬ ನೆಂಟರು. ತೇರಿನ ದಿನ ಗಾಡಿ ಬರುತ್ತದೆ ಎಂದು ಕಾಯುತ್ತ ಕೂತರೆ ಸಕ್ಕರೆ, ಬೆಲ್ಲ, ಎಣ್ಣೆ ಎಲ್ಲ ಖಾಲಿಯಾಗಿ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಒಂದು ವಾರ ಮೊದಲೇ ತರಿಸಿಡಿ. ಬಸವಕಲ್ಯಾಣದಲ್ಲಿ ಬಸವ ಜಯಂತಿಗೂ ಇದೇ ಲೆಕ್ಕ.

ಸಹಿಗೆ ಮೊದಲು ಎಣಿಕೆ

ಈಗ ಆ ಮೂರು ಟಿನ್ನಿನ ವಿಷಯಕ್ಕೆ ಬರೋಣ. ಮಾಲು ಇಳಿಯುವಾಗ ಬಾಗಿಲಲ್ಲಿ ಚೀಟಿ, ಪೆನ್ನು ಹಿಡಿದು ನೀವೇ ನಿಲ್ಲಬೇಕು. ಒಂದೊಂದು ಪೆಟ್ಟಿಗೆ ಹೊಸ್ತಿಲು ದಾಟಿದಾಗಲೂ ಒಂದು ಗೀಟು. ಐದು ಗೀಟಿಗೆ ಒಂದು ಕಟ್ಟು, ನಮ್ಮ ಅಜ್ಜಿಯರು ಹಾಲಿನ ಲೆಕ್ಕಕ್ಕೆ ಗೋಡೆಗೆ ಹಾಕುತ್ತಿದ್ದ ಹಾಗೆ. ಕಡಿಮೆ ಬಂದಿದ್ದರೆ, ಒಡೆದಿದ್ದರೆ, ಸೋರಿದ್ದರೆ ಬಿಲ್ಲಿನ ಮೇಲೆಯೇ 'ಎಣ್ಣೆ ಟಿನ್ 3 ಕಡಿಮೆ' ಎಂದು ಬರೆದು, ತಂದವರ ಸಹಿಯನ್ನೂ ಅದರ ಪಕ್ಕ ಹಾಕಿಸಿ, ಆಮೇಲೆ ನಿಮ್ಮ ಸಹಿ. ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. 'ಟೈಮಿಲ್ರೀ, ನಾಳಿ ನೋಡೂಣು' ಎಂದರೆ, 'ನಾಳಿ ಸಹಿನೂ ನಾಳಿ ಮಾಡ್ತೀನಿ' ಎನ್ನಿ! ನನ್ನ ನಾದಿನಿ ಈಗ ಹೀಗೇ ಅನ್ನುತ್ತಾಳೆ, ನಗುನಗುತ್ತಲೇ.

ಮೂಟೆಯನ್ನು ತೂಗಿ ತೆಗೆದುಕೊಳ್ಳಿ. ಚೀಲದ ಭಾರ ಬೇರೆ, ಒಳಗಿನ ಬೇಳೆಯ ಭಾರ ಬೇರೆ. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ಅದು ಗಿರಾಕಿಗೆ ಮೋಸವಾಗಬಾರದೆಂದು ಮಾತ್ರವಲ್ಲ, ನಿಮಗೂ ಮೋಸವಾಗಬಾರದೆಂದು. ಪ್ಯಾಕೆಟ್ಟಿನ ಮೇಲೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಿಂಗಳು, ನಿವ್ವಳ ತೂಕ, ಎಂಆರ್‌ಪಿ ಮೂರನ್ನೂ ಓದಿ. ಹೊಸ ಅಂಗಡಿಯವರೆಂದರೆ ಅವಧಿ ಮುಗಿಯಲು ಹದಿನೈದೇ ದಿನ ಉಳಿದ ಮಾಲನ್ನು ಮೇಲೆ ನಾಲ್ಕು ಹೊಸ ಪ್ಯಾಕೆಟ್ ಇಟ್ಟು ಸಾಗಿಸಿಬಿಡುವವರು ಇರುತ್ತಾರೆ. ಪೆಟ್ಟಿಗೆಯ ಮೇಲಿನದಲ್ಲ, ತಳದ ಪ್ಯಾಕೆಟ್ಟು ತೆಗೆದು ನೋಡಿ.

ಬೆಲೆಯ ವಿಷಯದಲ್ಲೂ ಕಣ್ಣಿರಲಿ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಕಪಾಟಿನ ತುಂಬ ಹಳೇ ದರದ ಸ್ಟಾಕು ಇಟ್ಟುಕೊಂಡ ಅಂಗಡಿಯವರಿಗೂ ಗಿರಾಕಿಗಳಿಗೂ ಆಗ ದಿನಾ ಜಟಾಪಟಿ. ಸಣ್ಣ ಅಂಗಡಿಗೆ ವಾರದ ಮಾಲು ವಾರಕ್ಕೆ ತರುವುದೇ ಕ್ಷೇಮ. ಬಂದ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಚುಚ್ಚಿಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ನೆನಪಿರಬೇಕಲ್ಲ? ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸಾಮಾನು ಎಷ್ಟು, ತೆರಿಗೆಯಿದ್ದದ್ದು ಎಷ್ಟು ಎಂದು ತೋರಿಸಲು ಕೈಯಲ್ಲಿ ಖರೀದಿ ಬಿಲ್ಲಿಲ್ಲದವರಿಗೇ ಹೆಚ್ಚು ಟೆನ್ಶನ್ ಆದದ್ದು. ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದಾಗ ಜಿಎಸ್‌ಟಿ ನೋಂದಣಿ ಬೇಕು. ಮನೆಯ ಮುಂದಿನ ಅಂಗಡಿ ಅಷ್ಟಕ್ಕೆ ಹೋಗಲಿಕ್ಕಿಲ್ಲ, ಆದರೂ ಲೆಕ್ಕ ಇರಲಿ. ಇನ್ನು ನಗರಸಭೆ ಅಥವಾ ಪುರಸಭೆಯ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ ಇವು ಬಾಗಿಲು ತೆರೆಯುವ ಮೊದಲೇ ಆಗಬೇಕಾದವು, ಅದನ್ನು ಹೇಳಬೇಕಿಲ್ಲ.

ಹಮಾಲಿ, ಬೆನ್ನು ಮತ್ತು ಚೆಲ್ಲಿದ ಅಕ್ಕಿ

ಇಳಿಸುವ ಕೂಲಿ ಯಾರು ಕೊಡಬೇಕು? ಮಾಲು ಆರ್ಡರ್ ಕೊಡುವಾಗಲೇ ಕೇಳಿ ಬಗೆಹರಿಸಿಕೊಳ್ಳಿ. ಬಾಗಿಲಲ್ಲಿ ನಿಂತು ಚೌಕಾಶಿ ಮಾಡಿದರೆ ಗಾಡಿ ಅಲ್ಲೇ ಅರ್ಧ ಗಂಟೆ ನಿಲ್ಲುತ್ತದೆ. ಹಮಾಲರಿಗೆ ಒಂದು ತಂಬಿಗೆ ನೀರು ಕೊಡಿ, ಬಿಸಿಲಲ್ಲಿ ಮಜ್ಜಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ದುಡ್ಡು ಉಳಿಸುತ್ತೇನೆಂದು ಐವತ್ತು ಕಿಲೋ ಚೀಲಕ್ಕೆ ನೀವೇ ಕೈ ಹಚ್ಚಬೇಡಿ. ಉಳಿದ ನೂರು ರೂಪಾಯಿಗೆ ಡಾಕ್ಟರ ಬಳಿ ಸೊಂಟ ತೋರಿಸಲು ಎಷ್ಟು ಖರ್ಚಾಗುತ್ತದೆ? ಸಾಧ್ಯವಾದರೆ ಇಪ್ಪತ್ತೈದು ಕಿಲೋ ಚೀಲದಲ್ಲೇ ತರಿಸಿ. ಮೆಟ್ಟಿಲಿಗೆ ಒಂದು ಹಲಗೆ ಇಟ್ಟು, ಎರಡು ಗಾಲಿಯ ಟ್ರಾಲಿ ಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮಾಲು ಇಳಿದ ಮೇಲೆ ಓಣಿ ಗುಡಿಸುವುದು ನಿಮ್ಮ ಜವಾಬ್ದಾರಿ. ಹರಿದ ಚೀಲದಿಂದ ಅಕ್ಕಿ, ಬೇಳೆ ಚೆಲ್ಲಿರುತ್ತದೆ, ಪ್ಲಾಸ್ಟಿಕ್ ಪಟ್ಟಿ, ರಟ್ಟಿನ ಚೂರು ಬಿದ್ದಿರುತ್ತವೆ. ಬಿಟ್ಟರೆ ಇಲಿ, ಹೆಗ್ಗಣ, ಆಮೇಲೆ ಚರಂಡಿ ಕಟ್ಟಿ ಜಗಳ. ಚೆಲ್ಲಿದ ಅಕ್ಕಿ ಎಂದರೆ ಕಲ್ಯಾಣದ ಹೆಣ್ಣುಮಕ್ಕಳಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೇ ಇರುತ್ತಾಳೆಯೇ? 12ನೇ ಶತಮಾನದಲ್ಲಿ ಇದೇ ಊರಿನಲ್ಲಿ ಗಂಡ ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ, ಇಂದಿಗೆ ಬೇಕಾದಷ್ಟೇ ಸಾಕು, ಉಳಿದದ್ದು ಇದ್ದಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದ ಗಟ್ಟಿಗಿತ್ತಿ ಆಕೆ. ನಾವು ಅಂಗಡಿಯವರು, ಅಷ್ಟು ದೊಡ್ಡ ಮಾತು ನಮಗೆ ಹೊಂದುವುದಿಲ್ಲ. ಆದರೆ ಗುಡಿಸಿದ ಕಾಳನ್ನು ಮತ್ತೆ ಚೀಲಕ್ಕೆ ಸುರಿದು ಗಿರಾಕಿಗೆ ತೂಗುವುದಂತೂ ಬೇಡ. ಪಾರಿವಾಳಕ್ಕೆ ಹಾಕಿ.

ಓಣಿಯ ಬಾಯಲ್ಲಿ ಬಾಳೆಹಣ್ಣಿನ ತಳ್ಳುಗಾಡಿಯವರು ಇರುತ್ತಾರಲ್ಲ, ಅವರನ್ನು 'ಸರೀರಿ, ಲಾರಿ ಬರ್ತದ' ಎಂದು ಗದರಿಸುವ ಹಕ್ಕು ನಮಗಿಲ್ಲ. ಬೀದಿ ವ್ಯಾಪಾರಿಗಳ ಬದುಕಿನ ರಕ್ಷಣೆಗೆಂದೇ 2014ರಲ್ಲಿ ಕಾಯ್ದೆ ಬಂದಿದೆ. ಅವರ ಜೊತೆ ಮಾತಾಡಿ ಹೊತ್ತು ಹೊಂದಿಸಿಕೊಳ್ಳಿ. ನಾದಿನಿಯ ಓಣಿಯ ಬಾಳೆಹಣ್ಣಿನ ಚಾಚಾ ಈಗ ಗಾಡಿ ಬಂದಾಗ ತಾವೇ ಕೈ ತೋರಿಸಿ ನಿಲ್ಲಿಸುತ್ತಾರೆ. ರಸ್ತೆಗೆ ಅಡ್ಡಿ ಮಾಡುವುದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ದಂಡ ಬೀಳುವ ತಪ್ಪು ಎನ್ನುವುದು ನಮಗೂ ಗೊತ್ತಿರಲಿ, ಡ್ರೈವರ್‌ಗೂ ಗೊತ್ತಿರಲಿ.

ಮನೆಗೆ ಮುಟ್ಟಿಸುವ ಸಾಮಾನು

ಅಂಗಡಿಗೆ ಬಂದ ಮಾಲು ಒಳಗೆ ಸೇರಿದರೆ ಮುಗಿಯಲಿಲ್ಲ. 'ಅಕ್ಕಾ, ಐದು ಕಿಲೋ ಗೋಧಿಹಿಟ್ಟು ಕಳಸರಿ' ಎಂದು ಫೋನ್ ಬರುತ್ತದೆ. ಪ್ರತಿ ಫೋನಿಗೂ ಓಡಿದರೆ ಕಾಲಿಗೆ ಚಕ್ರ ಕಟ್ಟಬೇಕು. ಮಧ್ಯಾಹ್ನ ಮೂರರವರೆಗೆ ಹೇಳಿದ್ದು ಸಂಜೆ ಐದಕ್ಕೆ, ಆಮೇಲೆ ಹೇಳಿದ್ದು ಮರುದಿನ ಎಂದು ಬೋರ್ಡು ಹಾಕಿ. ಔಷಧ, ಹಾಲು, ಬಾಣಂತಿ ಮನೆ ಇದ್ದರೆ ಮಾತು ಬೇರೆ. ಉದ್ರಿಯವರ ಹೆಸರು ಪುಸ್ತಕದಲ್ಲಿ ಅವತ್ತೇ ಬರೆಯಿರಿ. ಸಾಮಾನು ಒಯ್ಯುವವರ ಬಾಯಲ್ಲಿ ಹೇಳಿ ಕಳಿಸಿದ ಉದ್ರಿ ತಿರುಗಿ ಬಂದದ್ದು ಕಡಿಮೆ.

ಮನೆಮನೆಗೆ ಸಾಮಾನು ಕೊಡಲು ಹೈಸ್ಕೂಲಿನ ಮಗನ ಕೈಗೆ ಸ್ಕೂಟಿ ಕೊಡುವವರಿಗೆ ಒಂದು ಮಾತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದ ಅಪ್ರಾಪ್ತ ವಯಸ್ಸಿನ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ನಾಲ್ಕು ಕಿಲೋ ಸಕ್ಕರೆಗೆ ಇಷ್ಟು ಬೆಲೆಯೇ? ಮಗನಿಗೆ ಸೈಕಲ್ಲು ಸಾಕು, ಅದೂ ಓದು ಮುಗಿದ ಮೇಲೆ. ಓಣಿಯ ಬೇರೆ ಮಕ್ಕಳನ್ನು ಚಾಕೊಲೇಟು ಕೊಟ್ಟು ದುಡಿಸುವುದು ಮಾತ್ರ ತಪ್ಪು, ಕಾನೂನಿಗೂ, ನಮ್ಮ ಮನಸ್ಸಿಗೂ.

ಮಳೆಗಾಲದಲ್ಲಿ ಗಾಡಿಯಿಂದ ಬಾಗಿಲಿಗೆ ಹತ್ತು ಹೆಜ್ಜೆಯಾದರೂ ಸಕ್ಕರೆ, ಉಪ್ಪು, ಹಿಟ್ಟು ನೆನೆಯುತ್ತವೆ. ತಾಡಪತ್ರಿ ಸುತ್ತಿಟ್ಟುಕೊಂಡಿರಿ. ಚೀಲಗಳನ್ನು ನೆಲಕ್ಕೆ ಇಡದೆ ಕಟ್ಟಿಗೆ ಪಟ್ಟಿಯ ಮೇಲಿಡಿ, ಗೋಡೆಗೂ ತಾಗಿಸಬೇಡಿ.

ನಾದಿನಿಯ ಅಂಗಡಿ ಸರಿಹೋಯಿತೇ ಎಂದು ಕೇಳುತ್ತೀರಿ. ಮೊದಲು ಅವಳು ಅಜ್ಜಾರ ಮನೆಗೆ ಹೋದಳು. ನಾನೂ ಜೊತೆಗಿದ್ದೆ. 'ತಪ್ಪಾಯ್ತರೀ ಅಜ್ಜಾರ' ಎಂದು ಕಾಲಿಗೆ ಬಿದ್ದಳು. ಅಜ್ಜಾರ ಸೊಸೆ ಅರ್ಧ ಗಂಟೆ ಸರಿಯಾಗಿಯೇ ಬೈದರು, ಬೈಯುವಷ್ಟು ಹಕ್ಕು ಅವರಿಗಿತ್ತು. ಕೊನೆಗೆ ಚಹಾ ಕೊಟ್ಟರು. ಆಮೇಲೆ ಓಣಿಯ ಹತ್ತು ಮನೆಗೂ ಹೋಗಿ, ಗಾಡಿ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಿ ಬಂದಳು. ತುರ್ತು ಬಂದರೆ ಯಾವ ಹೊತ್ತಿಗಾದರೂ ಫೋನ್ ಹಚ್ಚಿರಿ ಎಂದು ನಂಬರು ಬರೆದು ಕೊಟ್ಟಳು. ಡ್ರೈವರ್ ಗಾಡಿ ಬಿಟ್ಟು ಹೋಗಬಾರದು, ಹೋದರೆ ಕೀಲಿ ಅಂಗಡಿಯಲ್ಲಿಟ್ಟು ಹೋಗಬೇಕು ಎನ್ನುವುದು ಈಗ ಅವಳ ಮೊದಲ ಷರತ್ತು. ತಿಂಗಳೊಪ್ಪತ್ತಿನಲ್ಲಿ ಗಿರಾಕಿ ಒಬ್ಬೊಬ್ಬರಾಗಿ ತಿರುಗಿ ಬಂದರು. ಎಲ್ಲರೂ ಅಲ್ಲ. ಎದುರು ಮನೆಯವರು ಇವತ್ತಿಗೂ ಸಕ್ಕರೆಗೆ ಗಾಂಧಿ ಚೌಕಿನ ತನಕ ನಡೆದು ಹೋಗುತ್ತಾರೆ.

ಮೂರು ಟಿನ್ನಿನ ಎಣ್ಣೆ ಮಾತ್ರ ಬರಲಿಲ್ಲ. ಬೇಸಿಗೆಗೆ ತಂಪು ಪಾನೀಯದ ಗಾಡಿ ಶುರುವಾಗುತ್ತದೆ. ಅದು ದೊಡ್ಡ ಗಾಡಿ, ಹನ್ನೊಂದೂವರೆಗೆ ಬರಲು ಒಪ್ಪುತ್ತಿಲ್ಲವಂತೆ. 'ಏನ್ ಮಾಡ್ಲಿ ವೈನಿ?' ಎಂದು ನಿನ್ನೆ ಕೇಳಿದಳು. ಗಾಡಿ ದೊಡ್ಡ ರಸ್ತೆಯಲ್ಲೇ ನಿಲ್ಲಲಿ, ಒಂದೊಂದೇ ಕ್ರೇಟು ಟ್ರಾಲಿಯಲ್ಲಿ ಒಳಗೆ ತರಿಸು ಎಂದಿದ್ದೇನೆ. ಅದಕ್ಕೂ ಒಪ್ಪದಿದ್ದರೆ ಈ ಬೇಸಿಗೆಗೆ ನಿಂಬೆಹಣ್ಣು, ಸಕ್ಕರೆ ಮಾರು, ಓಣಿಯವರು ಪಾನಕ ಮಾಡಿಕೊಂಡು ಕುಡಿಯಲಿ!